ಎಮ್ಮೆಗೆ ನೀರು, ವಾರಗಿತ್ತಿಯ ವಾಲ್ವು

ನನಗೆ ಬಿಪಿ ಇದೆ ಎಂದು ಗೊತ್ತಾದ ದಿನ ಡಾಕ್ಟರು ಗುಳಿಗೆ ಬರೆದುಕೊಟ್ಟು, ಪೆನ್ನು ಮುಚ್ಚುತ್ತ, "ಟೆನ್ಶನ್ ತಗೋಬ್ಯಾಡ್ರಿ ಮೇಡಂ" ಎಂದರು. ಪಿ.ಜೆ. ಬಡಾವಣೆಯ ಆ ಕ್ಲಿನಿಕ್ಕಿನಿಂದ ನಮ್ಮ ಮನೆಗೆ ಐದು ನಿಮಿಷದ ದಾರಿ. ಅಷ್ಟರೊಳಗೆ ಔಷಧಿ ಅಂಗಡಿಯವರು ಚೀಟಿ ನೋಡಿ ಅದನ್ನೇ ಹೇಳಿದರು. ಮನೆಯಲ್ಲಿ ಗಂಡ ಅದನ್ನೇ ಹೇಳಿದರು. ಮಾರನೆಯ ದಿನ ಶಾಲೆಯಲ್ಲಿ ಹೆಡ್‌ಮಾಸ್ತರು, ಹತ್ತನೇ ತರಗತಿಯ ಎರಡು ಸೆಕ್ಷನ್ನಿನ ಗಣಿತದ ಜೊತೆಗೆ ರಜೆ ಹಾಕಿದವರ ಒಂಬತ್ತನೇ ತರಗತಿಯನ್ನೂ ನನ್ನ ತಲೆಗೇ ಕಟ್ಟಿ, ಅದನ್ನೇ ಹೇಳಿದರು. ನಾನೇನೋ ಸಂತೆಗೆ ಹೋಗಿ ಟೆನ್ಶನ್ನನ್ನು ಆರಿಸಿಕೊಂಡು ಚೀಲ ತುಂಬಿಸಿಕೊಂಡು ಬರುತ್ತಿದ್ದೇನೆ ಎಂಬಂತೆ ಇವರೆಲ್ಲ ಮಾತಾಡುವುದನ್ನು ಕೇಳಿದರೆ ಇಳಿದ ಬಿಪಿಯೂ ಏರುತ್ತಿತ್ತು.

ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ದಾವಣಗೆರೆಯಲ್ಲಿ. ಮನೆಯಲ್ಲಿ ನಾನು, ಗಂಡ, ಮತ್ತು ಎಂಬತ್ತು ದಾಟಿದ ಅತ್ತೆ. ಅತ್ತೆಗೆ ಮೂರು ವರ್ಷದಿಂದ ಮರೆವು. ಮೊದಲು ಕನ್ನಡಕ ಮರೆತರು, ಆಮೇಲೆ ಊಟ ಮಾಡಿದ್ದು ಮರೆತರು, ಆಮೇಲೆ ನನ್ನನ್ನು ಮರೆತರು. ನಾನು ಯಾರೋ ಮನೆಗೆಲಸಕ್ಕೆ ಬಂದ ಒಳ್ಳೆಯ ಹೆಂಗಸು ಎಂದು ಅವರ ತಿಳಿವಳಿಕೆ. ಅವರು ದಾವಣಗೆರೆ ಪಕ್ಕದ ಆವರಗೆರೆಯ ಒಕ್ಕಲುತನದ ಮನೆಯಲ್ಲಿ ನಲವತ್ತು ವರ್ಷ ಬಾಳಿದವರು. ಅಲ್ಲಿದ್ದ ಎಮ್ಮೆಯನ್ನು ನನ್ನ ಗಂಡ ಕಾಲೇಜು ಓದುವಾಗಲೇ ಮಾರಿದ್ದರಂತೆ. ಅತ್ತೆಯ ಲೆಕ್ಕದಲ್ಲಿ ಅದು ಇನ್ನೂ ಹಿತ್ತಲಲ್ಲೇ ಕಟ್ಟಿಕೊಂಡಿದೆ.

"ಎಮ್ಮಿಗೆ ನೀರು ಕುಡಿಸಿದ್ರೇನವ್ವಾ?"

ಹತ್ತು ನಿಮಿಷಕ್ಕೊಮ್ಮೆ ಇದು ಅವರ ಪ್ರಶ್ನೆ. ಎಮ್ಮೆ ಇಲ್ಲ ಎಂದು ನಿಜ ಹೇಳಿದರೆ ಗಾಬರಿಯಾಗಿ ಎದ್ದು ಹುಡುಕಲು ಹೊರಡುತ್ತಾರೆ. "ಕುಡಿಸಿದೆ" ಎಂದರೆ ಸಮಾಧಾನವಾಗಿ ಕೂರುತ್ತಾರೆ, ಮುಂದಿನ ಹತ್ತು ನಿಮಿಷದ ತನಕ. ಹಾಗಾಗಿ ನಾನು ಕುಡಿಸಿದೆ ಎನ್ನುವುದನ್ನೇ ರೂಢಿ ಮಾಡಿಕೊಂಡೆ. ಬೆಳಿಗ್ಗೆ ಮೊದಲ ಸಲ ಹೇಳುವಾಗ ದನಿಯಲ್ಲಿ ಪ್ರೀತಿಯೇ ಇರುತ್ತಿತ್ತು. ಸಂಜೆ ಕುಕ್ಕರು ಕೂಗುತ್ತ, ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕೂತಿರುವಾಗ, ನಲವತ್ತನೆಯ ಸಲ ಹೇಳುವ "ಕುಡಿಸಿದೆ" ಹಲ್ಲಿನ ಸಂದಿಯಿಂದ ಬರುತ್ತಿತ್ತು. ಎಲ್ಲ ಮರೆತ ಅತ್ತೆ ದನಿ ಗುರುತಿಸುವುದನ್ನು ಮಾತ್ರ ಮರೆತಿರಲಿಲ್ಲ. "ಯಾಕವ್ವಾ ಸಿಟ್ಟಾಗ್ತಿ? ಕೇಳಿದೆ ಅಷ್ಟೇ" ಎಂದು ಮುಖ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ಆಗ ಬರುವ ಅಪರಾಧಿ ಭಾವಕ್ಕೆ ಯಾವ ಗುಳಿಗೆಯೂ ಇರಲಿಲ್ಲ.

ಗಂಡ ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ, "ಪಾಪ, ಆಕಿಗೇನು ಗೊತ್ತಾಗತೈತೆ? ನಾವೇ ತಾಳ್ಮಿ ತಂದ್ಕೋಬೇಕು" ಎನ್ನುತ್ತಿದ್ದರು. ಆ 'ನಾವು' ಯಾರು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಹಗಲು ಅತ್ತೆಯನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದರು. ಉಳಿದದ್ದೆಲ್ಲ ನನ್ನದು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಬಸ್ಸು ಒಂದಿತ್ತಲ್ಲ.

ದಾವಣಗೆರೆಯಿಂದ ಹರಿಹರಕ್ಕೆ ಮುಕ್ಕಾಲು ಗಂಟೆಯ ಪ್ರಯಾಣ. ದಿನದಲ್ಲಿ ನನ್ನನ್ನು ಯಾರೂ ಏನೂ ಕೇಳದ ಹೊತ್ತು ಎಂದರೆ ಅದೊಂದೇ ಆಗಬೇಕಿತ್ತು. ಆದರೆ ನಮ್ಮ ಶಾಲೆಯ ಕಚೇರಿಯಲ್ಲಿ ಕ್ಲರ್ಕ್ ಆಗಿರುವ ಮೇಡಂ ಕೂಡ ಅದೇ ಬಸ್ಸಿಗೆ ಬರುತ್ತಿದ್ದರು. ಅವರ ಮನೆ ಶಾಮನೂರಿನಲ್ಲಿ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಅವರು ಹೇಗೋ ನುಗ್ಗಿ, ಕಿಟಕಿ ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟು, "ಬರ್ರಿ ಮೇಡಂ, ಇಲ್ಲಿ ಕೂಡ್ರಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಕರೆಯುತ್ತಿದ್ದರು. ಹೋಗಿ ಕೂತರೆ ಮುಗಿಯಿತು.

ಅವರ ಸಂಕಟವೆಲ್ಲ ಒಂದು ವಾಲ್ವಿನದು. ಗಂಡನ ತಮ್ಮನ ಸಂಸಾರ ಪಕ್ಕದ ಮನೆಯಲ್ಲೇ ಇತ್ತು. ಎರಡೂ ಮನೆಗೆ ಸೇರಿ ಒಂದೇ ಬೋರು, ಒಂದೇ ಪೈಪು. ವಾಲ್ವು ಇದ್ದದ್ದು ವಾರಗಿತ್ತಿಯ ಅಂಗಳದಲ್ಲಿ. ಇವರು ಬಟ್ಟೆ ನೆನೆಸಿದರೆ ಸಾಕು, ಆಕೆ ಬಂದು ವಾಲ್ವು ತಿರುಗಿಸಿಬಿಡುತ್ತಾಳೆ ಎನ್ನುವುದು ಇವರ ದೂರು. ಮೊದಲ ಸಲ ಕೇಳಿದಾಗ ನನಗೆ ನಿಜವಾಗಿಯೂ ಅಯ್ಯೋ ಎನಿಸಿತ್ತು. ಆದರೆ ಅದೇ ಕಥೆ ಎರಡು ವರ್ಷ ನಡೆಯಿತು. ಆಕೆ ಯಾವ ಸೀರೆ ಉಟ್ಟುಕೊಂಡು ಬಂದು ವಾಲ್ವು ತಿರುಗಿಸಿದಳು, ಇವರು ಏನೆಂದರು, ಆಕೆ ಏನೆಂದಳು, ಇವರ ಗಂಡ ಪೇಪರಿನಿಂದ ಹೇಗೆ ತಲೆ ಎತ್ತಲಿಲ್ಲ. ಕೊನೆಯಲ್ಲಿ ಒಂದು ನಿಟ್ಟುಸಿರು: "ನಿಮ್ಮ ಹತ್ರ ಹೇಳ್ಕೊಂಡ್ರೆ ಮನಸು ಹಗುರಾಗತೈತೆ ನೋಡ್ರಿ." ಅವರು ಹಗುರಾಗಿ ಇಳಿಯುತ್ತಿದ್ದರು. ನಾನು ತಲೆ ಹಿಡಿದುಕೊಂಡು ಇಳಿಯುತ್ತಿದ್ದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಮಗೆಲ್ಲ ಒಂದು ತರಬೇತಿ ಇಟ್ಟರು. ಒತ್ತಡ ನಿಭಾಯಿಸುವುದು ಹೇಗೆ, ಇನ್ನೊಬ್ಬರ ನೋವನ್ನು ಅರಿಯುವುದು ಹೇಗೆ ಎಂದು ಹೇಳಿಕೊಡಲು ಹೊರಗಿನಿಂದ ಒಬ್ಬ ಯುವಕ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಸಿಕ್ಕಿಸಿಕೊಂಡ ಮೈಕು. ಕಣ್ಣು ಮುಚ್ಚಿ ಒಂದು ನದಿಯ ದಂಡೆಯನ್ನು ನೆನೆಸಿಕೊಳ್ಳಿ ಎಂದ. ತುಂಗಭದ್ರೆ ಅಲ್ಲೇ ಕೂಗಳತೆಯಲ್ಲಿತ್ತು. ನನಗೆ ಕಣ್ಣು ಮುಚ್ಚಿದರೆ ಕಂಡದ್ದು ಮನೆಯ ಒಲೆ ಮೇಲೆ ಆರಿಸಿದೆನೋ ಇಲ್ಲವೋ ಎಂದು ಅನುಮಾನವಿದ್ದ ಹಾಲಿನ ಪಾತ್ರೆ. ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿದ. ಒಬ್ಬರು ಮೂರು ನಿಮಿಷ ತಮ್ಮ ಕಷ್ಟ ಹೇಳಬೇಕು, ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳಬೇಕು, ಆಮೇಲೆ ಅದಲುಬದಲು.

ನನ್ನ ಜೋಡಿ ಯಾರು ಎಂದು ಹೇಳಬೇಕಾಗಿಲ್ಲ.

ಅವರು ಶುರು ಮಾಡಿದರು. ಮೂರು ನಿಮಿಷ ಆಯಿತು, ಯುವಕ ಚಪ್ಪಾಳೆ ತಟ್ಟಿದ, ಅವರಿಗೆ ಕೇಳಿಸಲಿಲ್ಲ. ಆರು ನಿಮಿಷ ಆದಾಗ ಟೀ ಬಂತು. ನನ್ನ ಸರದಿ ಬಿಸ್ಕತ್ತಿನ ತಟ್ಟೆಯ ಜೊತೆ ಹಾಗೇ ಆಚೆ ಹೋಯಿತು. ಯುವಕ ನಮ್ಮ ಹತ್ತಿರ ಬಂದು, "ವೆರಿ ಗುಡ್ ಮೇಡಂ, ನೀವು ತುಂಬಾ ಒಳ್ಳೆಯ ಕೇಳುಗರು" ಎಂದು ನನ್ನನ್ನು ಎಲ್ಲರೆದುರು ಹೊಗಳಿದ. ನಾನು ನಕ್ಕೆ. ಆ ನಗುವನ್ನು ಹಿಡಿದಿಡಲು ನಾನು ಪಟ್ಟ ಕಷ್ಟ ಅವನ ಯಾವ ಪಾಠದಲ್ಲೂ ಇರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ಅವರು ಪಕ್ಕದಲ್ಲಿ ಕೂತು, "ಅರ್ಧಕ್ಕೇ ನಿಂತಿತ್ತಲ್ರಿ ಮೇಡಂ, ಕೇಳ್ರಿ, ಆಮ್ಯಾಲೆ ಆಕಿ ಏನ್ ಮಾಡಿದ್ಲು ಗೊತ್ತಾ..." ಎಂದು ಎತ್ತಿಕೊಂಡರು. ದೊಡ್ಡಬಾತಿಯ ಹತ್ತಿರ ಬಸ್ಸು ನಿಂತಿತ್ತು. ನನ್ನೊಳಗೆ ಏನೋ ಕಿತ್ತುಕೊಂಡು ಬಂತು.

"ಸಾಕು ಮಾಡ್ರಿ! ಅದೇ ವಾಲ್ವು, ಅದೇ ನೀರು, ಎರಡು ವರ್ಷ ಆಯ್ತು. ನಿಮ್ಮ ಮನಿಯವರು ಯಾಕ ಪೇಪರಿಂದ ತಲಿ ಎತ್ತಲ್ಲ ಅಂತ ನನಗೀಗ ತಿಳೀತು. ನಿಮ್ಮ ಮಾತು ಕೇಳಿ ಕೇಳಿನೇ ಅವರು ಮೂಕಾಗ್ಯಾರೆ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರು ನೋಡಿದರು. ಕ್ಲರ್ಕ್ ಮೇಡಂ ಬಾಯಿ ಅರ್ಧ ತೆರೆದಿದ್ದವರು ಹಾಗೇ ಮುಚ್ಚಿದರು. ಊಟದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅದರ ಜಿಪ್ಪನ್ನು ಒಮ್ಮೆ ತೆಗೆದರು, ಒಮ್ಮೆ ಹಾಕಿದರು. ಇಳಿಯುವಾಗ "ಬರ್ತೀನ್ರಿ" ಎಂದು ಮಾತ್ರ ಅಂದರು, ನನ್ನ ಕಡೆ ನೋಡದೆ.

ಸೋಮವಾರದಿಂದ ಅವರು ಹಿಂದಿನ ಸೀಟಿನಲ್ಲಿ ಕೂತರು. ನನಗೆ ಕಿಟಕಿ ಸಿಕ್ಕಿತು, ಗಾಳಿ ಸಿಕ್ಕಿತು, ಮುಕ್ಕಾಲು ಗಂಟೆಯ ಮೌನ ಸಿಕ್ಕಿತು. ಎರಡು ದಿನ ಹಬ್ಬದಂತಿತ್ತು. ಮೂರನೆಯ ದಿನದಿಂದ ನನ್ನ ಬೆನ್ನಿಗೆ ಕಣ್ಣು ಬಂದಂತಾಯಿತು. ಅವರು ಕೆಮ್ಮಿದರೆ ಕೇಳಿಸುತ್ತಿತ್ತು, ಜಿಪ್ಪು ಎಳೆದರೆ ಕೇಳಿಸುತ್ತಿತ್ತು. ಮಾತಾಡುವಾಗ ಕೊಡುತ್ತಿದ್ದ ಕಾಟಕ್ಕಿಂತ ಸುಮ್ಮನಿದ್ದು ಕೊಡುವ ಕಾಟ ಹೆಚ್ಚಾಯಿತಲ್ಲ ಎಂದು ಅವರ ಮೇಲೆಯೇ ಮತ್ತೆ ಸಿಟ್ಟು ಬಂತು. ಕ್ಷಮೆ ಕೇಳಬೇಕು ಎಂದು ದಿನವೂ ಅನಿಸುತ್ತಿತ್ತು. ಕೇಳಿದರೆ ವಾಲ್ವು ಮತ್ತೆ ಶುರುವಾಗುತ್ತದೆ ಎಂಬ ಹೆದರಿಕೆಯಿಂದ ಕೇಳಲಿಲ್ಲ. ಇದನ್ನು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಹೀಗೆ ಎರಡು ವಾರ ಕಳೆದಿರಬೇಕು, ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು ಮಗಳ ಹೆರಿಗೆಗೆಂದು ಊರಿಗೆ ಹೋದರು. ಬರುವುದು ಒಂದು ತಿಂಗಳಾಗುತ್ತದೆ ಎಂದರು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಿತ್ತು. ರಜೆ ಕೇಳಿದರೆ ಹೆಡ್‌ಮಾಸ್ತರು, "ಈಗ ಹೆಂಗೆ ಕೊಡ್ಲಿ ಮೇಡಂ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ" ಎಂದರು. ಗಂಡ ತಮ್ಮ ಆಫೀಸಿನಲ್ಲಿ ಕೇಳಿದ್ದಕ್ಕೂ ಅದೇ ಉತ್ತರ ಬಂತಂತೆ. ಕೊನೆಗೆ ಅವರು ಮಧ್ಯಾಹ್ನದ ತನಕ ಮನೆಯಲ್ಲಿರುವುದು, ಆಮೇಲೆ ನಾನು ಬರುವ ತನಕ ಪಕ್ಕದ ಮನೆಯ ಅಕ್ಕ ನೋಡಿಕೊಳ್ಳುವುದು ಎಂದಾಯಿತು.

ಐದನೆಯ ದಿನ ನಾನು ಬೋರ್ಡಿನ ಮೇಲೆ ವೃತ್ತಕ್ಕೆ ಸ್ಪರ್ಶಕ ಎಳೆಯುತ್ತಿದ್ದೆ. ಫೋನು ನಡುಗಿತು. ಪಕ್ಕದ ಮನೆಯ ಅಕ್ಕ.

"ನಿಮ್ಮ ಅತ್ತಿ ಮನ್ಯಾಗಿಲ್ಲ ಕಣ್ರಿ. ನಿಮ್ಮ ಮನಿಯವ್ರು ಹತ್ತ ನಿಮಿಷ ಅಂತ ಹೊರಗ ಹೋಗಿದ್ರಂತೆ, ಬಾಗ್ಲು ಬರೇ ಮುಂದ್ಕೆಳೆದು. ಓಣಿ ಎಲ್ಲಾ ಹುಡುಕಿದ್ವಿ."

ಸ್ಕೇಲು ಎಲ್ಲಿಟ್ಟೆನೋ ನೆನಪಿಲ್ಲ. ಸ್ಟಾಫ್ ರೂಮಿಗೆ ಓಡಿ ಚೀಲ ತೆಗೆದುಕೊಂಡು, ಕಚೇರಿಯ ಬಾಗಿಲಲ್ಲಿ ನಿಂತು ಹೆಡ್‌ಮಾಸ್ತರಿಗೆ, "ನಮ್ಮ ಅತ್ತಿ ಕಾಣ್ತಿಲ್ಲ, ನಾನು ಹೊರಟೆ. ರಜೆ ಕೊಡ್ರಿ, ಬಿಡ್ರಿ" ಎಂದು ಕೂಗಿ ಹೊರಬಿದ್ದೆ. ಬಸ್‌ಸ್ಟ್ಯಾಂಡಿಗೆ ಅರ್ಧ ಓಡಿದೆ, ಅರ್ಧ ನಡೆದೆ. ಬಸ್ಸು ಹತ್ತಿ ಕೂತು ಉಸಿರು ತಗೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಧಪ್ಪನೆ ಕೂತರು. ಕ್ಲರ್ಕ್ ಮೇಡಂ. ಹಿಂದೆಯೇ ಓಡಿ ಬಂದಿದ್ದರು. ಮುಖವೆಲ್ಲ ಬೆವರು.

"ನೀವ್ಯಾಕ ಬಂದ್ರಿ?" ಎಂದೆ. ದನಿ ಒರಟಾಗಿಯೇ ಇತ್ತು.

"ಅರ್ಧ ದಿನ ಸಿ.ಎಲ್. ಬರೆದಿಟ್ಟು ಬಂದೆ" ಎಂದರು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ರೊಟ್ಟಿಯೊಂದನ್ನು ಮುರಿದು ಮುಂದೆ ಹಿಡಿದರು. "ತಿನ್ರಿ."

"ಈಗ ಯಾರಿಗ್ರಿ ಬೇಕು ರೊಟ್ಟಿ!"

"ಬರೇ ಹೊಟ್ಟಿಗೆ ಗುಳಿಗಿ ತಗೊಳಂಗಿಲ್ಲ. ನೀವು ಊಟದ ಬೆಲ್ ಆದ ಮ್ಯಾಲೆ ತಗೋತೀರಿ. ಇವತ್ತು ಬೆಲ್ ಆಗೋದ್ರಾಗ ಬಂದೀರಿ. ತಿನ್ರಿ ಮೊದ್ಲು."

ಬಿಪಿ ಗುಳಿಗೆಯ ವಿಷಯವನ್ನು ನಾನು ಅವರಿಗೆ ಹೇಳಿದ್ದೇ ಇಲ್ಲ. ಅವರು ಮಾತಾಡುವುದಕ್ಕೆ ಬಿಡುವು ಕೊಟ್ಟಿದ್ದರೆ ತಾನೇ ಹೇಳುವುದು. ಹೇಳದೆಯೇ ನೋಡಿಕೊಂಡಿದ್ದರು. ನಾನು ಎರಡು ವರ್ಷ ಅವರ ಮಾತು ಕೇಳಿದವಳು. ಅವರಿಗೆ ಯಾವ ಕಾಯಿಲೆ ಇದೆ, ಯಾವುದಾದರೂ ಇದೆಯೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ರೊಟ್ಟಿಯ ಚೂರು ಬಾಯಿಗಿಟ್ಟುಕೊಂಡೆ. ಅವರೇ ನೀರಿನ ಬಾಟಲಿಯ ಮುಚ್ಚಳ ತಿರುವಿ ಕೊಟ್ಟರು.

ದಾವಣಗೆರೆ ಇನ್ನೂ ಹತ್ತು ನಿಮಿಷ ಇರುವಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಗಂಡಸಿನ ದನಿ. "ಇಲ್ಲೊಬ್ರು ಅಜ್ಜಿ ಅದಾರೆ ನೋಡ್ರಿ ಮೇಡಂ. ಸೆರಗಿನಾಗ ಈ ನಂಬರು ಹೊಲ್ದೈತ್ರಿ." ಅತ್ತೆಯ ಪ್ರತಿ ಸೀರೆಯ ಸೆರಗಿಗೂ ನನ್ನ ನಂಬರು ಬರೆದ ಬಟ್ಟೆಯ ಚೂರನ್ನು ನಾನೇ ಹೊಲಿದಿದ್ದೆ. ಇದೇನು ಅಸಹ್ಯ, ದನಕ್ಕೆ ಮುದ್ರೆ ಒತ್ತಿದ ಹಾಗೆ, ಎಂದು ಗಂಡ ಆಗ ಮುನಿಸಿಕೊಂಡಿದ್ದರು.

ಫೋನು ಮಾಡಿದವರು ಆಟೋ ಓಡಿಸುವವರು. ಆವರಗೆರೆಯ ರಸ್ತೆಯ ಅಂಚಿನಲ್ಲಿ ಒಬ್ಬ ಮುದುಕಿ ಖಾಲಿ ಬಕೀಟು ಹಿಡಿದುಕೊಂಡು ಬಿಸಿಲಲ್ಲಿ ನಡೆದು ಹೋಗುತ್ತಿದ್ದರಂತೆ. ನಿಲ್ಲಿಸಿ ಕೇಳಿದರೆ ಎಮ್ಮೆಗೆ ನೀರು ಒಯ್ಯುತ್ತಿದ್ದೇನೆ ಎಂದರಂತೆ. "ಆಟೋ ಹತ್ರಿ ಅಂದ್ರ ಹತ್ತಲಿಲ್ಲ ಮೇಡಂ. ಬಕೀಟಿಗೆ ನಲ್ಲಿ ನೀರು ತುಂಬಿಸಿಕೊಟ್ಟೆ. ಆಮ್ಯಾಲೆ ಹತ್ತಿದ್ರು. ಮನಿ ಎಲ್ಲಿ ಹೇಳ್ರಿ, ಬಿಟ್ಟು ಹೋಗ್ತೀನಿ."

ನಾನು ವಿಳಾಸ ಹೇಳಲು ಹೋದೆ, ಅಳು ಬಂದು ಮಾತೇ ಹೊರಡಲಿಲ್ಲ. ಕ್ಲರ್ಕ್ ಮೇಡಂ ಫೋನು ಕಸಿದುಕೊಂಡು, ಎಡಕ್ಕೆ ಬಲಕ್ಕೆ ಎಂದು ಗುರುತು ಸಮೇತ ದಾರಿ ಹೇಳಿದರು. ನಮ್ಮ ಮನೆ ಅವರಿಗೆ ಹೇಗೆ ಗೊತ್ತು ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ; ಕಚೇರಿಯ ಕಡತದಲ್ಲಿ ನನ್ನ ವಿಳಾಸ ಬರೆದವರು ಅವರೇ ಎಂದು ಆಮೇಲೆ ಹೊಳೆಯಿತು.

ಮನೆ ಮುಟ್ಟಿದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅರ್ಧ ತುಂಬಿದ ಬಕೀಟು. ಉಳಿದರ್ಧ ಆಟೋದ ಸೀಟಿನ ಮೇಲೆ. ಆ ಮಹಾರಾಯರು ಬೈಯದೆ ಸೀಟು ಒರೆಸುತ್ತಿದ್ದರು. ಕೈ ಮುಗಿದರೆ, "ನಮ್ಮವ್ವನೂ ಹಿಂಗೇ ಇದ್ಲು" ಎಂದು ಹೇಳಿ ಆಟೋ ಹತ್ತಿ ಹೋದರು. ಗಂಡ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಕಂಡದ್ದೇ ತಡ, ಅಷ್ಟು ಹೊತ್ತಿನ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಓಣಿ ಕೇಳುವಂತೆ ಕೂಗಾಡಿದೆ. ತಾಳ್ಮೆಯ ಪಾಠ ಯಾರಿಗೆ ಹೇಳುತ್ತಿದ್ದಿರಿ ಎಂದೆ. "ಹತ್ತ ನಿಮಿಷ ಅಷ್ಟೇ..." ಎಂದು ಶುರು ಮಾಡಿದವರು ಕುಸಿದಂತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆದರೂ ನನ್ನ ಬಾಯಿ ನಿಲ್ಲಲಿಲ್ಲ.

ನಡುವೆ ಅತ್ತೆಯ ದನಿ ಬಂತು. "ಎಮ್ಮಿಗೆ ನೀರು ಕುಡಿಸಿದ್ರೇನವ್ವಾ?"

ನಾನು ಹಲ್ಲು ಕಚ್ಚಿಕೊಂಡು ಉತ್ತರಿಸಲು ತಿರುಗಿದೆ. ಅಷ್ಟರಲ್ಲಿ ಕ್ಲರ್ಕ್ ಮೇಡಂ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಎಲ್ಲೀದವ್ವಾ ನೀರು ಕುಡಿಸೋದು? ನನ್ನ ವಾರಗಿತ್ತಿ ವಾಲ್ವು ಬಂದ್ ಮಾಡ್ಯಾಳೆ" ಎಂದರು.

ಅತ್ತೆಯ ಹುಬ್ಬು ಮೇಲೇರಿತು. "ಬಂದ್ ಮಾಡ್ಯಾಳ? ಯಾಕ?"

"ಏನೋ, ಆಕಿಗೆ ನನ್ನ ಕಂಡ್ರೆ ಆಗಂಗಿಲ್ಲ."

"ಅದೆಂಗ ಮಾಡ್ತಾಳೆ? ನೀರು ಎಲ್ಲಾರ್ದು. ನಿನ್ನ ಗಂಡ ಏನಂದ?"

"ಪೇಪರ್ ಓದ್ತಾ ಕೂತಿದ್ರು."

"ಕೂತಿರ್ಲಿ ಬಿಡು! ನಡಿ, ನಾ ಬರ್ತೀನಿ, ಆಕಿನ್ನ ಕೇಳ್ತೀನಿ. ನೀ ಅಳಬ್ಯಾಡ" ಎಂದು ಅತ್ತೆ ಅವರ ಮೊಣಕೈ ಹಿಡಿದುಕೊಂಡರು. ನೋಡಿದರೆ ಕ್ಲರ್ಕ್ ಮೇಡಂ ನಿಜವಾಗಿಯೂ ಅಳುತ್ತಿದ್ದರು.

ನಾನು ಬೈಯುವುದನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದೆ. ಮುಖ ತೊಳೆದು, ಗುಳಿಗೆ ನುಂಗಿ, ಟೀ ಮಾಡಿ ತಂದಾಗ ಅತ್ತೆ ಮತ್ತೆ ಎಮ್ಮೆಯ ವಿಷಯ ಕೇಳುತ್ತಿದ್ದರು. ಕ್ಲರ್ಕ್ ಮೇಡಂ ಮತ್ತೆ ವಾಲ್ವಿನಿಂದ ಶುರು ಮಾಡಿದರು. ಅತ್ತೆಗೆ ಅದು ಹೊಚ್ಚ ಹೊಸ ಸುದ್ದಿ. ಅದೇ ಹುಬ್ಬು, ಅದೇ ಸಿಟ್ಟು, ಅದೇ "ನಡಿ, ನಾ ಬರ್ತೀನಿ". ಸಂಜೆಯ ತನಕ ಎಷ್ಟು ಸಲ ನಡೆಯಿತೋ ಲೆಕ್ಕವಿಲ್ಲ. ಒಬ್ಬರಿಗೂ ದಣಿವಾಗಲಿಲ್ಲ. ಗಂಡ ಮೆಟ್ಟಿಲ ಮೇಲೇ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಹೊರಡುವಾಗ ಕ್ಲರ್ಕ್ ಮೇಡಂ ಗೇಟಿನ ಹತ್ತಿರ ನಿಂತು, "ಇಷ್ಟು ವರ್ಷದಾಗ ಒಬ್ರಾದ್ರೂ ಆಕಿನ್ನ ಕೇಳ್ತೀನಿ ನಡಿ ಅಂದಿರ್ಲಿಲ್ಲ ಮೇಡಂ. ಎಲ್ಲಾರೂ ಸುಮ್ನಿರು, ಹೊಂದ್ಕೊಂಡು ಹೋಗು ಅಂತಾನೇ ಅಂದ್ರು" ಎಂದರು. ನಾನೂ ಆ ಎಲ್ಲರಲ್ಲಿ ಒಬ್ಬಳು. ಬಸ್ಸಿನಲ್ಲಿ ತಲೆ ಆಡಿಸುತ್ತ ಅವರಿಗೆ ಹೇಳಿದ್ದು ಅದನ್ನೇ: ಟೆನ್ಶನ್ ತಗೋಬ್ಯಾಡ್ರಿ.

ಮಾರನೆಯ ದಿನ ಬಸ್ಸಿನಲ್ಲಿ ನಾನೇ ಹಿಂದಿನ ಸೀಟಿಗೆ ಹೋಗಿ ಕೂತೆ. ಅವತ್ತು ನಾನು ಹಾಗೆ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ಅವರು ಕಿಟಕಿಯ ಹೊರಗೆ ನೋಡಿದರು.

"ನೀವಂದಿದ್ದು ಉಲ್ಟಾ ಐತೆ ಅಷ್ಟೇ. ನಮ್ಮ ಮನಿಯವ್ರು ಮದ್ವಿ ಆದಾಗಿಂದ ಹಂಗೇ, ಮಾತೇ ಕಮ್ಮಿ. ಮನ್ಯಾಗ ಯಾರಾರ ಒಬ್ರು ಮಾತಾಡಬೇಕಲ್ರಿ, ಅದಕ್ಕ ನಾ ಇಷ್ಟು ಮಾತಾಡೋದು ಕಲ್ತೆ" ಎಂದರು. ಈ ಸಲ ನಾನು ತಲೆ ಆಡಿಸಲಿಲ್ಲ. ಅವರೇ, "ನಿಮ್ಮ ಅತ್ತಿ ರಾತ್ರಿ ಮಲಗಿದ್ರಾ?" ಎಂದು ಕೇಳಿದರು. ಮಲಗಲಿಲ್ಲ, ನಾನೂ ಮಲಗಲಿಲ್ಲ ಎಂದೆ. ಆಮೇಲೆ ಅದೂ ಇದೂ ಎಂದು ಎಷ್ಟೋ ಹೇಳಿದೆ. ಅವರು ನಡುವೆ ನಡುವೆ ಬಾಯಿ ಹಾಕಿ, ಅತ್ತೆಯ ಕಾಲಿಗೆ ಯಾವ ಎಣ್ಣೆ ತಿಕ್ಕಬೇಕು, ನನ್ನ ಗಂಡನಿಗೆ ಹೇಗೆ ಬುದ್ಧಿ ಕಲಿಸಬೇಕು ಎಂದು ಹೇಳುತ್ತಲೇ ಇದ್ದರು. ಆ ತರಬೇತಿಯ ಯುವಕ ಕೇಳಿದ್ದರೆ ಅವರನ್ನು ಫೇಲು ಮಾಡುತ್ತಿದ್ದ.

ಆಗಿನಿಂದ ಅವರು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾರೆ. ಬಂದರೆ ಎಲ್ಲ ಸುಖವೇ ಎಂದುಕೊಳ್ಳಬೇಡಿ. ನನ್ನ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಯಿಸುತ್ತಾರೆ. ನನ್ನ ಸಾರು ನೀರು ಎನ್ನುತ್ತಾರೆ. ಸೊಪ್ಪು ಬಿಡಿಸಲು ಕೊಟ್ಟರೆ ಕಡ್ಡಿಯೆಲ್ಲ ಸೊಪ್ಪಿನೊಳಗೇ ಇರುತ್ತದೆ. ಗಂಡ ಈಗ ಭಾನುವಾರ ಮನೆಯಲ್ಲೇ ಇದ್ದು ಅತ್ತೆಗೆ ಸ್ನಾನ ಮಾಡಿಸುತ್ತಾರೆ, ಬಾಗಿಲಿಗೆ ಎರಡು ಚಿಲಕ ಹಾಕಿಸಿದ್ದಾರೆ. ಇದನ್ನೆಲ್ಲ ತಾವೇ ಮೊದಲಿನಿಂದ ಮಾಡಿಕೊಂಡು ಬಂದವರಂತೆ ಬಂದವರ ಮುಂದೆ ಹೇಳಿಕೊಳ್ಳುತ್ತಾರೆ, ಅದಕ್ಕೆ ಮಾತ್ರ ಮೈಯೆಲ್ಲ ಉರಿಯುತ್ತದೆ. ಹೆರಿಗೆಗೆ ಹೋದ ಹೆಂಗಸು ಎರಡು ತಿಂಗಳಿಗೆ ವಾಪಸ್ಸು ಬಂದರು, ಮೊಮ್ಮಗಳ ಫೋಟೊ ತೋರಿಸುವುದೇ ದಿನವಿಡೀ ಕೆಲಸ.

ಹೋದ ಭಾನುವಾರ ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಒಂದೂವರೆ ಗಂಟೆ ನಿದ್ದೆ ಮಾಡಿದೆ. ಹಗಲು ನಿದ್ದೆ ಮಾಡಿ ಎಷ್ಟು ವರ್ಷವಾಗಿತ್ತೋ. ಎದ್ದಾಗ ಹೊರಗೆ ಅತ್ತೆ ಯಾರ ಮೇಲೋ ಜೋರಾಗಿ ರೇಗುತ್ತಿದ್ದರು, ಕ್ಲರ್ಕ್ ಮೇಡಂ "ಹೂಂ, ಹಂಗ ಕೇಳ್ರಿ ಆಕಿನ್ನ" ಎಂದು ಕುಮ್ಮಕ್ಕು ಕೊಡುತ್ತಿದ್ದರು, ಗಂಡ ಕುರ್ಚಿಯಲ್ಲಿ ಕೂತು ಇಬ್ಬರನ್ನೂ ನೋಡಿ ನಗುತ್ತಿದ್ದರು. ಗಂಟೆ ಐದಾಗಿತ್ತು. ಮೂವರಲ್ಲಿ ಒಬ್ಬರಿಗೂ ಟೀಗೆ ಇಡಬೇಕು ಎಂದು ತೋಚಿರಲಿಲ್ಲ. ನಾನು ಗೊಣಗುತ್ತ ಅಡುಗೆಮನೆಗೆ ಹೋದೆ. ಟೀಪುಡಿಯ ಡಬ್ಬಿ ಇಟ್ಟ ಜಾಗದಲ್ಲಿ ಇರಲಿಲ್ಲ.